ಇಡ್ಲಿ-ದೋಸೆ ಅಂಗಡಿಗೆ 23 ಐಟಂ

ಬೆಂಗಳೂರಿನಲ್ಲಿ ಒಂದು ದರ್ಶಿನಿಯ ಹೆಸರನ್ನು ಇನ್ನೊಬ್ಬರಿಗೆ ಕೊಡುವುದು ದೊಡ್ಡ ಕೆಲಸವಲ್ಲ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ ಮತ್ತು ಅಕ್ಕಪಕ್ಕದ ಕೆಲವು ಕಾಯ್ದೆಗಳಲ್ಲೇ ವ್ಯವಹಾರ ನಡೆಯುತ್ತದೆ. ಛಾಪಾ ಕಾಗದದ ಮೇಲೆ ಒಪ್ಪಂದ, ಅಡ್ವಾನ್ಸ್ ಚೆಕ್, ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿದರೆ ಆಯಿತು. ಅದೇ ಅಂಗಡಿ ನ್ಯೂಜೆರ್ಸಿಯಲ್ಲಿದ್ದು, ಅದರ ಹೆಸರನ್ನು ಮೇರಿಲ್ಯಾಂಡ್‌ನವರಿಗೋ ಕ್ಯಾಲಿಫೋರ್ನಿಯಾದವರಿಗೋ ಕೊಡಬೇಕೆಂದರೆ ಚೆಕ್ ಕೈಗೆ ಬರುವ ಮುಂಚೆ ಮುಗಿಯಬೇಕಾದ ಕೆಲಸಗಳಿವೆ. ಅವನ್ನು ಯಾವ ಕ್ರಮದಲ್ಲಿ, ಯಾವ ದಿನಾಂಕದೊಳಗೆ ಮುಗಿಸುತ್ತೀರಿ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ನ್ಯೂಜೆರ್ಸಿಯಲ್ಲಿ ಎರಡು ಸ್ವಂತ ಅಂಗಡಿಗಳಿದ್ದ ಒಂದು ತಿಂಡಿ ಬ್ರ್ಯಾಂಡಿಗೆ ಈ ಕೆಲಸವನ್ನು ಮೊದಲಿನಿಂದ ಮಾಡಿ ಮುಗಿಸಲು ನಮಗೆ ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳು ಬರೀ ಕ್ರಮ ತಪ್ಪಿದ್ದಕ್ಕೆ ಹೋದವು.

ಮೊದಲು ಎಲ್ಲರೂ ಹುಡುಕುವುದು ಹಿಂಬಾಗಿಲನ್ನು. "ಫ್ರಾಂಚೈಸಿ ಅನ್ನೋದೇ ಬೇಡ ಸಾರ್, ಲೈಸೆನ್ಸ್ ಅಂತ ಬರೆಯೋಣ." ಹಾಗೆ ಬರೆದರೆ ಏನೂ ಬದಲಾಗುವುದಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ ನಿಯಮ ನೋಡುವುದು ಮೂರು ಸಂಗತಿಗಳನ್ನು: ನಿಮ್ಮ ಹೆಸರನ್ನು ಅವರು ಬಳಸುತ್ತಾರೆಯೇ, ಅಂಗಡಿ ನಡೆಸುವ ಬಗೆಯ ಮೇಲೆ ನಿಮಗೆ ಗಣನೀಯ ಹಿಡಿತವಿದೆಯೇ ಅಥವಾ ನೀವು ಗಣನೀಯ ನೆರವು ಕೊಡುತ್ತೀರೇ, ಮತ್ತು ಅವರು ನಿಮಗೆ ಕಡ್ಡಾಯವಾಗಿ ಹಣ ಕೊಡಬೇಕೇ. ಮೂರೂ ಇದ್ದರೆ ಕಾಗದದ ಮೇಲಿನ ಹೆಸರು ಏನೇ ಇರಲಿ, ಅದು ಫ್ರಾಂಚೈಸಿ. ನ್ಯೂಯಾರ್ಕ್ ಇನ್ನೂ ಬಿಗಿ: ಅಲ್ಲಿ ಹಣದ ಜೊತೆಗೆ ಹೆಸರು ಅಥವಾ ಮಾರುಕಟ್ಟೆ ಯೋಜನೆ, ಎರಡರಲ್ಲಿ ಒಂದಿದ್ದರೂ ಸಾಕು. ನ್ಯಾಯವಾದ ಸಗಟು ಬೆಲೆಗೆ ಮಾರಾಟಕ್ಕೆಂದು ಕೊಟ್ಟ ಸರಕಿನ ಹಣ ಫೀಸ್ ಅಲ್ಲ, ನಿಜ. ಆದರೆ ವಾರಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಾಂಬಾರ್ ಪುಡಿಯನ್ನು ಕಡ್ಡಾಯವಾಗಿ ತೆಗೆದುಕೊಳ್ಳಿ ಎಂದರೆ ಆ ಹೆಚ್ಚಳ ಫೀಸ್ ಆಗುತ್ತದೆ.

ಫ್ರಾಂಚೈಸಿ ಎಂದಾದ ಮೇಲೆ ಎರಡು ಪದರ. ಕೇಂದ್ರದ ನಿಯಮ 50 ರಾಜ್ಯಗಳಿಗೂ ಅನ್ವಯ. ಅದು 1979ರಿಂದ ಇದೆ, ಈಗಿನ ರೂಪ 2007ರದು. ಅದು ಕೇಳುವುದು ಎಫ್‌ಡಿಡಿ (ಫ್ರಾಂಚೈಸಿ ಡಿಸ್‌ಕ್ಲೋಷರ್ ಡಾಕ್ಯುಮೆಂಟ್) ಎಂಬ 23 ಐಟಂಗಳ ದಾಖಲೆಯನ್ನು ಗಿರಾಕಿಗೆ, ಅಂದರೆ ಫ್ರಾಂಚೈಸಿ ಕೊಳ್ಳುವವರಿಗೆ, ಕೊಡಬೇಕು ಎಂದಷ್ಟೇ. ಅದನ್ನು ಕೇಂದ್ರದಲ್ಲಿ ಎಲ್ಲೂ ಸಲ್ಲಿಸಬೇಕಿಲ್ಲ, ಯಾರೂ ಪರಿಶೀಲಿಸುವುದಿಲ್ಲ. ಎರಡನೆಯ ಪದರ ರಾಜ್ಯಗಳದು. 1971ರ ಜನವರಿ 1ರಂದು ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನು ಈ ಬಗೆಯದರಲ್ಲಿ ಮೊದಲನೆಯದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಮೇರಿಲ್ಯಾಂಡ್, ವರ್ಜೀನಿಯಾ, ಇಲಿನಾಯ್, ವಾಷಿಂಗ್ಟನ್, ಮಿನೆಸೋಟದಂಥ ರಾಜ್ಯಗಳಲ್ಲಿ ಅಧಿಕಾರಿಗಳು ಕಡತ ಓದಿ, ಪ್ರಶ್ನೆ ಕೇಳಿ, ಒಪ್ಪಿದ ಮೇಲೆಯೇ ಮಾರಬಹುದು. ಮಿಷಿಗನ್, ಇಂಡಿಯಾನ, ವಿಸ್ಕಾನ್ಸಿನ್ ಮುಂತಾದ ಕಡೆ ಅರ್ಜಿ ಮತ್ತು ಫೀಸ್ ಸಲ್ಲಿಸಿದರೆ ಬಹುಪಾಲು ಮುಗಿದಂತೆ. ಟೆಕ್ಸಾಸ್‌ನಲ್ಲಿ ಒಂದೇ ಸಲ ಒಂದು ನೋಟೀಸ್, ಫ್ಲಾರಿಡಾದಲ್ಲಿ ವರ್ಷಕ್ಕೊಂದು. ನ್ಯೂಜೆರ್ಸಿಯಲ್ಲಿ ನೋಂದಣಿಯೇ ಇಲ್ಲ. ಆದರೆ ಒಮ್ಮೆ ಕೊಟ್ಟ ಫ್ರಾಂಚೈಸಿಯನ್ನು ಸರಿಯಾದ ಕಾರಣವಿಲ್ಲದೆ ಕಿತ್ತುಕೊಳ್ಳಲು ಅಲ್ಲಿನ 1971ರ ಕಾಯ್ದೆ ಬಿಡುವುದಿಲ್ಲ. "ನಮ್ಮ ರಾಜ್ಯದಲ್ಲಿ ಏನೂ ಇಲ್ಲ" ಎಂದು ನೆಮ್ಮದಿಯಾಗಿರುವವರು ಇದನ್ನು ಮರೆಯುತ್ತಾರೆ.

ಯಾವ ರಾಜ್ಯದ ಕಾನೂನು ಹಿಡಿಯುತ್ತದೆ ಎಂಬುದು ಅಂಗಡಿಯ ವಿಳಾಸದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಗಿರಾಕಿ ಮೇರಿಲ್ಯಾಂಡ್ ನಿವಾಸಿ, ಅಂಗಡಿ ಹಾಕುವುದು ಡೆಲವೇರ್‌ನಲ್ಲಿ ಎಂದರೂ ಮೇರಿಲ್ಯಾಂಡ್ ನೋಂದಣಿ ಬೇಕು. ನ್ಯೂಯಾರ್ಕ್ ಇನ್ನೊಂದು ಹೆಜ್ಜೆ ಮುಂದೆ: ಮಾರಾಟದ ಮಾತು ಆ ರಾಜ್ಯದಿಂದ ಹೊರಟರೂ ಅದರ ಕಾನೂನು ಬರುತ್ತದೆ. ನ್ಯೂಜೆರ್ಸಿಯ ಎಡಿಸನ್‌ನವರು ಓಹಾಯೋದವರನ್ನು ನ್ಯೂಯಾರ್ಕಿನ ಮ್ಯಾನ್‌ಹಟ್ಟನ್‌ನ ಕಾಫಿ ಅಂಗಡಿಯಲ್ಲಿ ಕೂರಿಸಿಕೊಂಡು ಮಾತಾಡಿದರೆ ಅದೇ ಒಂದು ತೊಡಕು. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಮಳಿಗೆ ಹಾಕಿ "ಫ್ರಾಂಚೈಸಿ ಲಭ್ಯ" ಎಂದು ಬ್ಯಾನರ್ ಕಟ್ಟುವ ಮುಂಚೆ ಆ ಸಭಾಂಗಣ ಯಾವ ರಾಜ್ಯದಲ್ಲಿದೆ ಎಂದು ನೋಡಬೇಕು. ಜಾಹೀರಾತನ್ನೂ ಮುಂಚೆ ಸಲ್ಲಿಸಬೇಕಾದ ರಾಜ್ಯಗಳಿವೆ: ಕ್ಯಾಲಿಫೋರ್ನಿಯಾದಲ್ಲಿ ಬಳಸುವ 3 ಕೆಲಸದ ದಿನ ಮೊದಲು, ಮೇರಿಲ್ಯಾಂಡ್‌ನಲ್ಲಿ 7.

ನಾವು ಕ್ರಮ ತಪ್ಪಿದ್ದು ಇಲ್ಲಿ: ವಕೀಲರ ಕರಡಿನಿಂದ ಶುರುಮಾಡಿದೆವು. ಶುರುಮಾಡಬೇಕಾದದ್ದು ಆಡಿಟ್‌ನಿಂದ. ಐಟಂ 21 ಕೇಳುವುದು ಫ್ರಾಂಚೈಸಿ ಕೊಡುವ ಕಂಪನಿಯ ಆಡಿಟ್ ಆದ ಲೆಕ್ಕವನ್ನು. ಅಂಗಡಿ ನಡೆಸುವ ಕಂಪನಿಯಿಂದಲೇ ಫ್ರಾಂಚೈಸಿ ಮಾರಿದರೆ ಅಂಗಡಿಯ ಬಾಡಿಗೆ ಬಾಕಿ, ಗ್ರಾಹಕರ ದಾವೆ ಎಲ್ಲವೂ ಇದೇ ಕಂಪನಿಯ ತಲೆಗೆ ಬರುತ್ತವೆ. ಅದಕ್ಕೇ ಹೊಸ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿ ಅದಕ್ಕೆ ಟ್ರೇಡ್ ಮಾರ್ಕ್ ಬಳಸುವ ಹಕ್ಕು ಕೊಡುವುದು ವಾಡಿಕೆ. ಹೊಸ ಕಂಪನಿಗೆ ಮೂರು ವರ್ಷದ ಲೆಕ್ಕ ಎಲ್ಲಿಂದ ಬರಬೇಕು? ಮೊದಲ ವರ್ಷಕ್ಕೆ ಆರಂಭದ ದಿನದ ಬ್ಯಾಲೆನ್ಸ್ ಶೀಟ್ ಸಾಕು. ಕೇಂದ್ರದ ನಿಯಮ ಅದಕ್ಕೆ ಆಡಿಟ್ ಕೇಳದಿದ್ದರೂ ನೋಂದಣಿ ರಾಜ್ಯಗಳಲ್ಲಿ ಹೆಚ್ಚಿನವು ಕೇಳುತ್ತವೆ. ಅದು ಒಂದೆರಡು ಹಾಳೆಯ ಲೆಕ್ಕ, ಆದರೆ ಬ್ಯಾಂಕ್ ಖಾತೆ ತೆರೆದು, ಬಂಡವಾಳ ನಿಜವಾಗಿ ಜಮೆಯಾಗದ ಹೊರತು ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕರು) ಸಹಿ ಹಾಕುವುದಿಲ್ಲ. ನಮ್ಮ ಕರಡು ಸಿದ್ಧವಾಗಿ ಆರು ವಾರವಾದರೂ ಖಾತೆ ಖಾಲಿಯಿತ್ತು. ಆಡಿಟ್ ವರದಿಯನ್ನು ಎಫ್‌ಡಿಡಿಯಲ್ಲಿ ಸೇರಿಸಲು ಸಿಪಿಎ ಕೊಡುವ ಒಪ್ಪಿಗೆ ಪತ್ರ ಬೇರೆ ಬೇಕು. ಇದನ್ನು ಮೊದಲೇ ಕೇಳದಿದ್ದರೆ ಮತ್ತೊಂದು ವಾರ ಹೋಗುತ್ತದೆ.

ಬೆಂಗಳೂರಿನ ತಾಯಿ ಕಂಪನಿಯ ಲೆಕ್ಕ ತೋರಿಸಿಬಿಡೋಣ ಎನ್ನುವವರಿಗೆ ಒಂದು ಮಾತು: ಲೆಕ್ಕ ಅಮೆರಿಕದ ಲೆಕ್ಕಪತ್ರ ಪದ್ಧತಿಯಂತೆ, ಇಲ್ಲವೇ ಅಲ್ಲಿನ ಷೇರು ನಿಯಂತ್ರಕ ಒಪ್ಪುವ ಪದ್ಧತಿಯಂತೆ ಇರಬೇಕು. ಆಡಿಟ್ ಕೂಡ ಅಮೆರಿಕದ ಆಡಿಟ್ ಮಾನದಂಡದಂತೆ ಆಗಬೇಕು. ಬೆಂಗಳೂರಿನ ಸಿಎ ಸಹಿ ಮಾಡಿದ ವರದಿ ಹಾಗೆಯೇ ನಡೆಯುವುದಿಲ್ಲ. ಅದನ್ನು ಮತ್ತೆ ಮಾಡಿಸುವ ಖರ್ಚಿಗಿಂತ ಹೊಸ ಎಲ್‌ಎಲ್‌ಸಿಯಲ್ಲಿ ಹೆಚ್ಚು ಬಂಡವಾಳ ಹಾಕುವುದೇ ಅಗ್ಗ.

ಎಷ್ಟು ಹಾಕಬೇಕು ಎಂಬುದಕ್ಕೆ ಕಾನೂನಿನಲ್ಲಿ ಒಂದು ಅಂಕಿಯಿಲ್ಲ. ಆದರೆ ಪರಿಶೀಲನಾಧಿಕಾರಿ ಒಂದು ಸರಳ ಲೆಕ್ಕ ಹಾಕುತ್ತಾರೆ: ವರ್ಷಕ್ಕೆ ಐದು ಅಂಗಡಿ ತೆರೆಸುತ್ತೀರಿ ಎನ್ನುತ್ತೀರಿ, ತರಬೇತಿ ಕೊಡುತ್ತೀರಿ ಎನ್ನುತ್ತೀರಿ, ಇದಕ್ಕೆ ಹಣ ಎಲ್ಲಿದೆ? ಅರ್ಜಿಯ ಜೊತೆ "ಹೊಸ ಫ್ರಾಂಚೈಸಿ ತೆರೆಯಿಸುವ ಖರ್ಚು ಮತ್ತು ಹಣದ ಮೂಲ" ಎಂಬ ನಮೂನೆಯೇ ಇದೆ. ನಮ್ಮ ಖಾತೆಯಲ್ಲಿದ್ದದ್ದು 25,000 ಡಾಲರ್, ಕೇಳುತ್ತಿದ್ದ ಆರಂಭಿಕ ಫೀಸ್ 35,000. ಬಂಡವಾಳ ಸಾಲದು ಎಂದು ಕಂಡರೆ ಅಧಿಕಾರಿ ತಳ್ಳಿಹಾಕುವುದಿಲ್ಲ, ಷರತ್ತು ಹಾಕುತ್ತಾರೆ: ಫೀಸನ್ನು ಎಸ್ಕ್ರೋ ಖಾತೆಯಲ್ಲಿ, ಅಂದರೆ ಮೂರನೆಯವರ ವಶದಲ್ಲಿಡಿ, ಇಲ್ಲವೇ ಶೂರಿಟಿ ಬಾಂಡ್ (ಮೂರನೆಯವರ ಹೊಣೆಪತ್ರ) ಕೊಡಿ, ಇಲ್ಲವೇ ನೀವು ಮಾಡಬೇಕಾದ ಕೆಲಸ ಮುಗಿದು ಅಂಗಡಿ ತೆರೆಯುವವರೆಗೆ ಫೀಸ್ ತೆಗೆದುಕೊಳ್ಳಬೇಡಿ. ಹೊಸಬರಲ್ಲಿ ಹೆಚ್ಚಿನವರು ಮೂರನೆಯದಕ್ಕೆ ಒಪ್ಪುತ್ತಾರೆ, ನಾವೂ ಒಪ್ಪಿದೆವು. ಒಪ್ಪುವ ಮುಂಚೆ ಯೋಚಿಸಬೇಕಾದದ್ದು, ಜಾಗ ಹುಡುಕಿ, ಪರ್ಮಿಟ್ ಪಡೆದು, ಎಕ್ಸಾಸ್ಟ್ ಹುಡ್ ಮತ್ತು ಗ್ರೀಸ್ ಟ್ರ್ಯಾಪ್ ಕೂರಿಸಿ ಬಾಗಿಲು ತೆರೆಯಲು ವರ್ಷ ಹಿಡಿಯಬಹುದು. ಅಲ್ಲಿಯವರೆಗೆ ನಿಮ್ಮ ಕೈಗೆ ಒಂದು ಡಾಲರೂ ಬರುವುದಿಲ್ಲ.

ಎರಡನೆಯ ಮುಂಗಡ ಕೆಲಸ ಟ್ರೇಡ್ ಮಾರ್ಕ್. ಅಮೆರಿಕದ ಕೇಂದ್ರ ನೋಂದಣಿ ಇಲ್ಲದಿದ್ದರೆ ಐಟಂ 13ರಲ್ಲಿ ಆ ಮಾತನ್ನು ನಿಯಮದ ಪದಗಳಲ್ಲೇ ಬರೆಯಬೇಕು: ನಮ್ಮ ಹೆಸರಿಗೆ ನೋಂದಣಿ ಇಲ್ಲ, ಯಾರಾದರೂ ತಕರಾರು ತೆಗೆದರೆ ನೀವು ಹೆಸರು ಬದಲಾಯಿಸಬೇಕಾಗಿ ಬರಬಹುದು ಎಂದು. ಭಾರತದ ನೋಂದಣಿ ಇಲ್ಲಿ ಲೆಕ್ಕಕ್ಕಿಲ್ಲ. ಉಡುಪಿ, ದರ್ಶಿನಿ, ತಿಂಡಿಯಂಥ ಪದಗಳು ಒಳ್ಳೆಯವೇ, ಆದರೆ ಅವು ಊಟದ ಬಗೆಯನ್ನೇ ಹೇಳುತ್ತವೆ. ಅಂಥವನ್ನು ಒಬ್ಬರ ಹೆಸರಾಗಿ ನೋಂದಾಯಿಸುವುದು ಕಷ್ಟ. ಕನ್ನಡ ಪದವಾದರೆ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದು ಕೊಡಬೇಕು, ಲೋಗೋದಲ್ಲಿ ಕನ್ನಡ ಲಿಪಿ ಇದ್ದರೆ ಉಚ್ಚಾರವನ್ನೂ. ನೋಂದಣಿಯಿಂದ ಇನ್ನೊಂದು ಲಾಭ: ನಾರ್ತ್ ಕ್ಯಾರೊಲಿನ, ಕನೆಟಿಕಟ್‌ನಂಥ ರಾಜ್ಯಗಳ ಬೇರೊಂದು ಕಾನೂನಿನಿಂದ, ಅಂದರೆ ಸ್ವಂತ ಉದ್ಯೋಗದ ಯೋಜನೆ ಮಾರುವವರನ್ನು ನಿಯಂತ್ರಿಸುವ ಕಾನೂನಿನಿಂದ, ವಿನಾಯಿತಿ ಸಿಗುತ್ತದೆ. ಅಂಗಡಿ ತೆರೆದ ದಿನವೇ ಅರ್ಜಿ ಹಾಕಿಟ್ಟಿರಬೇಕಾದ ಕೆಲಸ ಇದು.

ಇನ್ನು ದಾಖಲೆ. ಇಪ್ಪತ್ತಮೂರು ಐಟಂಗಳಲ್ಲಿ ಅರ್ಧದಷ್ಟನ್ನು ಒಳ್ಳೆಯ ವಕೀಲರು ಮಾದರಿಯಿಂದ ಬರೆದುಕೊಡುತ್ತಾರೆ. ಉಳಿದದ್ದನ್ನು ಅಂಗಡಿ ನಡೆಸುವವರೇ ಕೂತು ಹೇಳಬೇಕು, ತಪ್ಪುವುದೂ ಅಲ್ಲೇ.

ಐಟಂ 7 ಎಂದರೆ ಅಂಗಡಿ ಹಾಕಲು ತಗಲುವ ಒಟ್ಟು ಹಣ, ಕನಿಷ್ಠದಿಂದ ಗರಿಷ್ಠ. ನಮ್ಮ ಮೊದಲ ಪಟ್ಟಿಯಲ್ಲಿ ಗ್ರೈಂಡರ್‌ನ ಬೆಲೆ ಬೆಂಗಳೂರಿನದಾಗಿತ್ತು. ಇಲ್ಲಿನ ಆರೋಗ್ಯ ಇಲಾಖೆಗಳು ಸಾಮಾನ್ಯವಾಗಿ ಎನ್‌ಎಸ್‌ಎಫ್ ಎಂಬ ನೈರ್ಮಲ್ಯ ಪ್ರಮಾಣದ ಗುರುತಿರುವ ಉಪಕರಣ ಕೇಳುತ್ತವೆ, ಊರಿನಿಂದ ತಂದ ಕಲ್ಲಿನ ಗ್ರೈಂಡರಿಗೆ ಅದು ಇರಲಿಲ್ಲ. ಬದಲಿಸಿದ ಮೇಲೆ ಆ ಸಾಲಿನ ಅಂಕಿಯೇ ಬೇರೆಯಾಯಿತು. ಕೊನೆಯ ಸಾಲು, ಮೊದಲ ಮೂರು ತಿಂಗಳಾದರೂ ಅಂಗಡಿ ನಡೆಸಲು ಬೇಕಾದ ಹೆಚ್ಚುವರಿ ಹಣ. ಈ ಅಂಕಿಗೆ ಆಧಾರವೇನು ಎಂದು ಅಡಿಯಲ್ಲೇ ಬರೆಯಬೇಕು. ಬರೆಯದಿದ್ದರೆ ಪ್ರಶ್ನೆ ಖಚಿತ.

ಐಟಂ 8 ಕೊಳ್ಳುವ ಕಟ್ಟಳೆಗಳದು, ನಮ್ಮ ಬಗೆಯ ಅಂಗಡಿಗಳಿಗೆ ಅತಿ ಸೂಕ್ಷ್ಮ. ರುಚಿ ಒಂದೇ ಇರಬೇಕೆಂದರೆ ಪುಡಿಗಳು ಒಂದೇ ಕಡೆಯಿಂದ ಬರಬೇಕು. ಆ ಒಂದು ಕಡೆ ಮಾಲೀಕರದೇ ಇನ್ನೊಂದು ಕಂಪನಿಯೋ, ಭಾವನವರ ಜೊತೆ ಪಾಲಿರುವ ಪುಡಿ ಕಾರ್ಖಾನೆಯೋ ಆಗಿರುತ್ತದೆ. ತಪ್ಪೇನಿಲ್ಲ, ಆದರೆ ಹೇಳಬೇಕು: ಯಾವ ಸರಬರಾಜುದಾರರಲ್ಲಿ ಯಾವ ಅಧಿಕಾರಿಗೆ ಪಾಲಿದೆ, ಹೀಗೆ ಕಡ್ಡಾಯವಾಗಿ ಕೊಳ್ಳಿಸಿದ್ದರಿಂದ ಕಂಪನಿಗೆ ಹೋದ ವರ್ಷ ಎಷ್ಟು ಆದಾಯ ಬಂತು, ಗಿರಾಕಿಯ ಒಟ್ಟು ಖರೀದಿಯಲ್ಲಿ ಇಂಥ ಕಡ್ಡಾಯ ಖರೀದಿ ಎಷ್ಟು ಶೇಕಡಾ.

ಐಟಂ 12 ಪ್ರದೇಶ. ಎಡಿಸನ್‌ನಿಂದ ಐದು ಮೈಲಿ ನಿಮ್ಮದು ಎಂದು ಬಾಯಲ್ಲಿ ಹೇಳಿ, ಅದೇ ಐದು ಮೈಲಿಯೊಳಗಿನ ಇಂಡಿಯನ್ ದಿನಸಿ ಅಂಗಡಿಗಳಿಗೆ ಅದೇ ಹೆಸರಿನ ದೋಸೆ ಹಿಟ್ಟಿನ ಪ್ಯಾಕೆಟ್ ಹಾಕುವ ಹಕ್ಕು ಉಳಿಸಿಕೊಂಡರೆ ಅದು ಪೂರ್ತಿ ಮೀಸಲು ಪ್ರದೇಶವಲ್ಲ. ಹಾಗಿದ್ದಾಗ "ನಿಮಗೆ ಮೀಸಲು ಪ್ರದೇಶ ಸಿಗುವುದಿಲ್ಲ, ನಮ್ಮಿಂದಲೇ ಪೈಪೋಟಿ ಬರಬಹುದು" ಎಂಬ ಎಚ್ಚರಿಕೆಯನ್ನು ನಿಯಮದ ಪದಗಳಲ್ಲೇ ಹಾಕಬೇಕು. ಹಿಟ್ಟಿನ ಪ್ಯಾಕೆಟ್ಟಿನ ಯೋಚನೆ ಐದು ವರ್ಷದ ನಂತರದ್ದಾದರೂ ಈಗಲೇ ಬರೆದುಕೊಳ್ಳುವುದು ಜಾಣತನ.

ಐಟಂ 15ರ ಬಗ್ಗೆ ಅಮೆರಿಕದ ವಕೀಲರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಅಂಗಡಿಯಲ್ಲಿ ಮಾಲೀಕರೇ ನಿಂತು ಕೆಲಸ ಮಾಡಬೇಕೇ ಎಂಬುದು ಅಲ್ಲಿ ಬರುತ್ತದೆ. ನಮ್ಮ ಗಿರಾಕಿಗಳಲ್ಲಿ ಅನೇಕರು ಎಚ್-1ಬಿ ವೀಸಾದವರು. ಅವರು ಹಣ ಹಾಕಬಹುದು, ಆದರೆ ತಮ್ಮದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ದುಡಿದರೆ ವೀಸಾಕ್ಕೆ ಕುತ್ತು. ಮಾದರಿಯಿಂದ ಬಂದ "ಮಾಲೀಕರು ಪೂರ್ಣಾವಧಿ ದುಡಿಯತಕ್ಕದ್ದು" ಎಂಬ ಸಾಲನ್ನು ಕಿತ್ತು, ತರಬೇತಿ ಪಡೆದ ಮ್ಯಾನೇಜರ್ ಇದ್ದರೆ ಸಾಕು ಎಂದು ಬದಲಿಸಿದೆವು. ಬೆಂಗಳೂರಿನಿಂದಲೂ ಫೋನ್ ಬರುತ್ತವೆ, ಫ್ರಾಂಚೈಸಿ ಕೊಂಡರೆ ಇ-2 ಹೂಡಿಕೆ ವೀಸಾ ಸಿಗುತ್ತದಂತೆ ಎಂದು. ಭಾರತದ ಪ್ರಜೆಗಳಿಗೆ ಸಿಗುವುದಿಲ್ಲ, ಆ ಒಪ್ಪಂದದ ದೇಶಗಳಲ್ಲಿ ಭಾರತವಿಲ್ಲ. ಹೆಂಡತಿ ಅಥವಾ ಗಂಡನಿಂದಲೂ ವೈಯಕ್ತಿಕ ಜಾಮೀನಿನ ಸಹಿ ಬೇಕೆಂದರೆ ಅದು ಮುಂಪುಟದ ವಿಶೇಷ ಅಪಾಯಗಳ ಪಟ್ಟಿಗೆ ಹೋಗುತ್ತದೆ. ಕಂಪನಿ ಹೊಸದು, ಬಂಡವಾಳ ಕಡಿಮೆ ಎಂಬ ಮಾತುಗಳೂ ಅಲ್ಲಿಗೇ.

ಐಟಂ 19 ಆದಾಯದ ಮಾತು. "ಒಂದು ಅಂಗಡಿಗೆ ತಿಂಗಳಿಗೆ ಎಷ್ಟು ಉಳಿಯುತ್ತೆ ಸಾರ್?" ಎಂಬುದು ಪ್ರತಿಯೊಬ್ಬರ ಮೊದಲ ಪ್ರಶ್ನೆ. ಐಟಂ 19ರಲ್ಲಿ ಬರೆದಿದ್ದರೆ ಮಾತ್ರ, ಬರೆದಷ್ಟನ್ನು ಮಾತ್ರ ಹೇಳಬಹುದು. ಬರೆಯಲೇಬೇಕೆಂದಿಲ್ಲ. ಬರೆದರೆ ಪ್ರತಿ ಅಂಕಿಗೂ ಲಿಖಿತ ಆಧಾರ ಕೈಲಿರಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ ಎಕ್ಸೆಲ್ ಹಾಳೆ, ಹುಟ್ಟುಹಬ್ಬದ ಊಟದಲ್ಲಿ "ಏನಿಲ್ಲ ಅಂದ್ರೂ ಎರಡು ವರ್ಷಕ್ಕೆ ಹಾಕಿದ ದುಡ್ಡು ವಾಪಸ್" ಎಂದದ್ದು, ಎರಡೂ ನಿಯಮ ಮುರಿದಂತೆಯೇ. ಗೆಳೆತನದಲ್ಲಿ ಆಡಿದ ಮಾತು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಎರಡು ಸ್ವಂತ ಅಂಗಡಿಗಳ ಒಟ್ಟು ಮಾರಾಟವನ್ನಾದರೂ ಬರೆದುಬಿಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಏನೂ ಬರೆಯದೆ ಬಾಯಿ ಕಟ್ಟಿಕೊಂಡಿರುವುದು ನಮ್ಮ ಜನಕ್ಕೆ ಆಗದ ಮಾತು.

ಐಟಂ 20ರಲ್ಲಿ ಐದು ಕೋಷ್ಟಕ, ಮೂರು ವರ್ಷದ ಅಂಗಡಿಗಳ ಲೆಕ್ಕ. ಹೊಸಬರಿಗೆ ಬಹುಪಾಲು ಸೊನ್ನೆಗಳೇ. ಒಂದು ವರ್ಷದ ಕೊನೆಯ ಅಂಕಿ ಮುಂದಿನ ವರ್ಷದ ಮೊದಲ ಅಂಕಿಗೆ ಸರಿಹೊಂದಬೇಕು, ಅಷ್ಟೇ.

ಎಲ್ಲ ರಾಜ್ಯಗಳಿಗೂ ಒಟ್ಟಿಗೆ ಅರ್ಜಿ ಹಾಕುವ ಆಸೆ ಬೇಡ. ಪ್ರತಿ ರಾಜ್ಯಕ್ಕೂ ಫೀಸ್ ಬೇರೆ (ನ್ಯೂಯಾರ್ಕಿಗೆ 750 ಡಾಲರ್), ಪ್ರತಿ ರಾಜ್ಯಕ್ಕೂ ಒಪ್ಪಂದದ ಕೊನೆಗೆ ಸೇರಿಸುವ ಅನುಬಂಧ ಬೇರೆ. ಇಲಿನಾಯ್‌ನವರು ವ್ಯಾಜ್ಯವನ್ನು ಹೊರರಾಜ್ಯದ ಕೋರ್ಟಿಗೆ ಒಯ್ಯುವ ಷರತ್ತನ್ನು ಒಪ್ಪುವುದಿಲ್ಲ. ಮಿನೆಸೋಟದಲ್ಲಿ ಒಪ್ಪಂದ ರದ್ದು ಮಾಡಲು 90 ದಿನದ ನೋಟೀಸ್, ತಪ್ಪು ತಿದ್ದಿಕೊಳ್ಳಲು 60 ದಿನ ಕೊಡಬೇಕು. ಒಂದು ರಾಜ್ಯ ಹೇಳಿದ ತಿದ್ದುಪಡಿ ಮೂಲ ದಾಖಲೆಯನ್ನೇ ಬದಲಿಸಿದರೆ ಉಳಿದ ಕಡೆಗೂ ಅದನ್ನು ಕಳಿಸಬೇಕು. ನಾವು ಮೊದಲು ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಹಾಕಿ, ಅಲ್ಲಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ದಾಖಲೆ ಗಟ್ಟಿಯಾದ ಮೇಲೆ ಇಲಿನಾಯ್ ಮತ್ತು ಕ್ಯಾಲಿಫೋರ್ನಿಯಾಕ್ಕೆ ಹೋದೆವು. ನ್ಯೂಯಾರ್ಕನ್ನು ಕೊನೆಗಿಟ್ಟೆವು.

ಅರ್ಜಿ ಹಾಕಿದ ಕೆಲವು ವಾರಗಳಿಗೆ ಕಾಮೆಂಟ್ ಲೆಟರ್ ಬರುತ್ತದೆ. ಅದನ್ನು ಕಂಡು ಹೆದರಬೇಕಿಲ್ಲ, ಒಂದಾದರೂ ಪ್ರಶ್ನೆ ಬರದೆ ಹೋಗುವುದು ಅಪರೂಪ. ಉತ್ತರ ಕಳಿಸುವಾಗ ಬದಲಿಸಿದ ಪುಟಗಳನ್ನು ಗುರುತು ಮಾಡಿದ ಪ್ರತಿಯೂ ಶುದ್ಧ ಪ್ರತಿಯೂ ಜೊತೆಗಿರಬೇಕು. ನಮಗೆ ಬಂದವುಗಳಲ್ಲಿ ಒಂದು ನೆನಪಿಡುವಂಥದ್ದು: ವಕೀಲರ ಹಳೆಯ ಮಾದರಿಯಲ್ಲಿ, ಸಹಿ ಮಾಡುವ ದಿನ ಗಿರಾಕಿ "ನನಗೆ ಯಾರೂ ಆದಾಯದ ಭರವಸೆ ಕೊಟ್ಟಿಲ್ಲ" ಎಂದು ಟಿಕ್ ಹಾಕುವ ಪ್ರಶ್ನಾವಳಿ ಇತ್ತು. ಇಂಥ ಪ್ರಶ್ನಾವಳಿಗಳ ವಿರುದ್ಧ ರಾಜ್ಯಗಳ ನಿಯಂತ್ರಕರ ಒಕ್ಕೂಟದ ನೀತಿ 2023ರ ಜನವರಿ 1ರಿಂದ ಜಾರಿಯಲ್ಲಿದೆ. ಕಿತ್ತುಹಾಕಿ ಮತ್ತೆ ಕಳಿಸಬೇಕಾಯಿತು.

ನೋಂದಣಿ ಜಾರಿಯಾದ ಪತ್ರ ಬಂದ ದಿನ "ಕ್ಯಾಲಿಫೋರ್ನಿಯಾ ಸರ್ಕಾರದಿಂದ ಮಾನ್ಯತೆ" ಎಂದು ಪೋಸ್ಟರ್ ಮಾಡಿಸಬೇಡಿ. ಯಾವ ಸರ್ಕಾರವೂ ಇದರೊಳಗಿನ ವಿಷಯವನ್ನು ಪರಿಶೀಲಿಸಿ ಖಾತ್ರಿಪಡಿಸಿಲ್ಲ ಎಂದು ಮುಂಪುಟದಲ್ಲೇ ಅಚ್ಚಾಗಿರುತ್ತದೆ.

ಆಮೇಲೆ ಮಾರಾಟ, ಅಂದರೆ ದಿನ ಎಣಿಸುವ ಕೆಲಸ. ಎಫ್‌ಡಿಡಿ ಕೊಟ್ಟು 14 ದಿನ ಕಳೆಯದೆ ಸಹಿಯೂ ಇಲ್ಲ, ಹಣವೂ ಇಲ್ಲ, ಟೋಕನ್ ಅಡ್ವಾನ್ಸ್ ಕೂಡ. ಕೊಟ್ಟ ದಿನ ಲೆಕ್ಕಕ್ಕಿಲ್ಲ: ಮಾರ್ಚ್ 1ಕ್ಕೆ ಕೊಟ್ಟರೆ ಸಹಿ ಮಾರ್ಚ್ 16ಕ್ಕೆ. ಕೊಡುವವರೇ ತಮ್ಮಷ್ಟಕ್ಕೆ ಒಪ್ಪಂದದ ಮುಖ್ಯ ಷರತ್ತು ಬದಲಿಸಿದರೆ ಬದಲಾದ ಪ್ರತಿ ಸಹಿಗೆ 7 ದಿನ ಮುಂಚೆ ಗಿರಾಕಿಯ ಕೈಲಿರಬೇಕು. ಗಿರಾಕಿ ಚೌಕಾಸಿ ಮಾಡಿ ಪಡೆದ ಬದಲಾವಣೆಗೆ ಈ ಏಳು ದಿನ ಬೇಕಿಲ್ಲ. ನ್ಯೂಯಾರ್ಕ್ ಮತ್ತು ಮಿಷಿಗನ್‌ಗಳಲ್ಲಿ 10 ಕೆಲಸದ ದಿನಗಳ ಲೆಕ್ಕ ಬೇರೆ ಇದೆ, ನಡುವೆ ರಜಾದಿನ ಬಂದರೆ ಅದೇ 14ಕ್ಕಿಂತ ಉದ್ದವಾಗಬಹುದು. ಮುಹೂರ್ತ ನೋಡಿಕೊಂಡು ಬಂದವರು "ಇವತ್ತು ಅಕ್ಷಯ ತೃತೀಯ, ನೂರೊಂದು ಡಾಲರಾದರೂ ಇಟ್ಟುಕೊಳ್ಳಿ" ಎಂದು ಕೈಹಿಡಿದುಕೊಳ್ಳುತ್ತಾರೆ. ಇಟ್ಟುಕೊಳ್ಳಬಾರದು. ಕೇಂದ್ರದ ನಿಯಮದಡಿ ಗಿರಾಕಿ ನೇರ ದಾವೆ ಹೂಡಲಾರರು, ಆದರೆ ರಾಜ್ಯದ ಕಾನೂನಿನಡಿ ಹೂಡಿ ಒಪ್ಪಂದವನ್ನೇ ರದ್ದು ಮಾಡಿಸಿ ಹಣ ಹಿಂದೆ ಕೇಳಬಹುದು, ನಿರ್ದೇಶಕರನ್ನೂ ವೈಯಕ್ತಿಕವಾಗಿ ಹೊಣೆ ಮಾಡಬಹುದು.

ನೋಂದಣಿಯೂ ಹಾಲಿನ ಪ್ಯಾಕೆಟ್ಟಿನಂತೆ, ಮೇಲೆ ದಿನಾಂಕವಿರುತ್ತದೆ. ಡಿಸೆಂಬರ್ 31ಕ್ಕೆ ಲೆಕ್ಕದ ವರ್ಷ ಮುಗಿಸುವವರಿಗೆ ಕ್ಯಾಲಿಫೋರ್ನಿಯಾದ ನೋಂದಣಿ 110ನೇ ದಿನ, ಅಂದರೆ ಏಪ್ರಿಲ್ 20ಕ್ಕೆ ಮುಗಿಯುತ್ತದೆ. ಎಫ್‌ಡಿಡಿ ಹೊಸದು ಮಾಡಲು ಕೇಂದ್ರದ ಗಡುವು 120 ದಿನ, ಏಪ್ರಿಲ್ 30. ಹೊಸ ಆಡಿಟ್ ಇಲ್ಲದೆ ನವೀಕರಣವಿಲ್ಲ, ಮತ್ತು ಫೆಬ್ರವರಿಯಿಂದ ಏಪ್ರಿಲ್ 15ರವರೆಗೆ ಸಿಪಿಎಗಳಿಗೆ ತೆರಿಗೆಯ ಕೆಲಸದಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಡಿಸೆಂಬರ್‌ನಲ್ಲೇ ಅವರ ದಿನ ಕಾಯ್ದಿರಿಸಬೇಕು. ತಪ್ಪಿದರೆ ಹೊಸ ಆದೇಶ ಬರುವವರೆಗೆ ಆ ರಾಜ್ಯದಲ್ಲಿ ಮಾರಾಟ ಬಂದ್. ಆಗ ಫೋನ್ ಮಾಡಿದವರಿಗೆ ಈಗ ಏನೂ ಕೊಡುವಂತಿಲ್ಲ ಎಂದು ಹೇಳಿ ಹೆಸರು ಬರೆದುಕೊಳ್ಳುವುದಷ್ಟೇ ಕೆಲಸ. ವರ್ಷದ ನಡುವೆ ರಾಯಲ್ಟಿ ಬದಲಾದರೆ, ದೊಡ್ಡ ದಾವೆ ಬಿದ್ದರೆ, ಮುಖ್ಯ ಅಧಿಕಾರಿ ಬಿಟ್ಟುಹೋದರೆ ಆಗಲೂ ನಿಲ್ಲಿಸಿ ತಿದ್ದುಪಡಿ ಸಲ್ಲಿಸಬೇಕು.

ಎಫ್‌ಡಿಡಿಯ ಕೊನೆಯ ಹಾಳೆ ಐಟಂ 23, ರಸೀದಿ. ಎರಡು ಪ್ರತಿ, ಒಂದು ಗಿರಾಕಿಗೆ, ಸಹಿ ಮಾಡಿದ ಇನ್ನೊಂದು ನಿಮಗೆ. ಮಾತಾಡಿದ ಪ್ರತಿಯೊಬ್ಬ ಮಾರಾಟಗಾರರ ಹೆಸರು ಅದರಲ್ಲಿರಬೇಕು, ತಲುಪಿದ ದಿನಾಂಕವನ್ನು ಗಿರಾಕಿಯೇ ಬರೆಯಬೇಕು. ಕನಿಷ್ಠ ಮೂರು ವರ್ಷ ಜೋಪಾನ ಮಾಡಬೇಕಾದ ಕಾಗದ. ಮೊದಲ ಗಿರಾಕಿ ತಾರೀಖನ್ನು ನಮ್ಮ ಊರಿನಂತೆ ದಿನ ಮೊದಲು, ತಿಂಗಳು ಆಮೇಲೆ ಬರೆದಿದ್ದರು: 04/05. ಅಮೆರಿಕದವರ ಕಣ್ಣಿಗೆ ಅದು ಮೇ 4 ಅಲ್ಲ, ಏಪ್ರಿಲ್ 5. ಅಂದಿನಿಂದ ರಸೀದಿಯಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಸುತ್ತೇವೆ.